ಸುಣ್ಣದ ತಿಳಿನೀರಲ್ಲಿ ಗುಹೆ ತೋರಿಸಿದ ನನ್ನ ಅನುಭವ

ನಾನು ಬಳ್ಳಾರಿ ಕಡೆ ಹೈಸ್ಕೂಲಲ್ಲಿ ವಿಜ್ಞಾನ ಪಾಠ ಮಾಡ್ತೀನಿ. ಮಕ್ಕಳನ್ನ ಬೆಲುಂ ಗುಹೆಗೆ ಕರ್ಕೊಂಡು ಹೋಗಿದ್ದೆ, ಆಂಧ್ರದ ಕೊಲಿಮಿಗುಂಡ್ಲ ಹತ್ರ ಇರೋದು, 3 ಕಿಲೋಮೀಟರ್‌ಗಿಂತ ಜಾಸ್ತಿ ಉದ್ದ. ಇದನ್ನೆಲ್ಲ ಕೊರೆದಿದ್ದು ನೀರೇ ಅಂದೆ. ಒಬ್ಬ ಹುಡುಗಿ "ಸರ್, ಮತ್ತೆ ನಮ್ಮೂರ ಗುಡ್ಡದ ಬಂಡೆ ಯಾಕೆ ಹಿಂಗೆ ಕರಗಿಲ್ಲ?" ಅಂದ್ಲು. ನಮ್ದು ಗ್ರಾನೈಟು, ಇದು ಸುಣ್ಣದ ಕಲ್ಲಮ್ಮ ಅಂದೆ, ಅವಳಿಗೆ ಸಮಾಧಾನ ಆಗಿಲ್ಲ ಅಂತ ಮುಖ ನೋಡಿದ್ರೇ ಗೊತ್ತಾಗ್ತಿತ್ತು.

ವಾಪಸ್ ಬಂದು ಎಲೆ ಅಡಿಕೆ ಸುಣ್ಣ ನೀರಲ್ಲಿ ಕದಡಿ ರಾತ್ರಿಯಿಡೀ ಬಿಟ್ಟು ಮೇಲಿನ ತಿಳಿ ಮಾತ್ರ ಬಗ್ಗಿಸ್ಕೊಂಡೆ. ಸ್ಟ್ರಾ ಹಾಕಿ ಊದಿದ್ರೆ ಹಾಲಿನ ಥರ ಆಗುತ್ತೆ, ಅದು ಎಲ್ಲರಿಗೂ ಗೊತ್ತು, ನಾವು ಪಾಠಾನ ಅಲ್ಲಿಗೇ ನಿಲ್ಲಿಸಿಬಿಡ್ತೀವಿ. ಗುಹೆ ಕಥೆ ಶುರುವಾಗೋದೇ ಅಲ್ಲಿಂದ. ಆ ಬಿಳಿ ಪುಡಿ ಕ್ಯಾಲ್ಸಿಯಂ ಕಾರ್ಬೋನೇಟ್, ಅಂದ್ರೆ ಸುಣ್ಣದ ಕಲ್ಲೇ. ಇನ್ನೂ ಊದ್ತಾ ಹೋದ್ರೆ ಉಸಿರಿನ ಕಾರ್ಬನ್ ಡೈಆಕ್ಸೈಡ್ ನೀರನ್ನ ಸ್ವಲ್ಪ ಹುಳಿ ಮಾಡಿ ಅದನ್ನ ಬೈಕಾರ್ಬೋನೇಟ್ ಆಗಿ ಕರಗಿಸಬೇಕು. ಮೊದಲನೇ ಸಲ ಎಷ್ಟ್ ಊದಿದ್ರೂ ಕರಗಲೇ ಇಲ್ಲ, ಮಕ್ಕಳಿಗೆ ತಲೆ ಸುತ್ತು ಬಂತು. ತಿಳಿ ತುಂಬಾ ಗಟ್ಟಿ ಇತ್ತು, ಅದೇ ತಪ್ಪು. ಒಂದು ಪಾಲು ತಿಳಿಗೆ ಹತ್ತು ಪಾಲು ಫಿಲ್ಟರ್ ನೀರು ಹಾಕಿ, ಸರದಿ ಮೇಲೆ ನಿಧಾನಕ್ಕೆ ಊದಿಸಿದ್ವಿ (ಊದಬೇಕು ಅಷ್ಟೇ, ಎಳೀಬಾರದು). ಮಸುಕಾಗಿದ್ದ ಲೋಟ ನೋಡ್ತಾ ನೋಡ್ತಾ ತಿಳಿಯಾಯ್ತು, ಆ ಕಡೆ ಹಿಡಿದ ಪೆನ್ನು ಸ್ಪಷ್ಟ ಕಾಣ್ತು.

ನೆಲದಲ್ಲೂ ಇದೇ. ಮಣ್ಣಲ್ಲಿ ಬೇರು, ಕ್ರಿಮಿಗಳು ಬಿಡೋ ಕಾರ್ಬನ್ ಡೈಆಕ್ಸೈಡ್ ಗಾಳಿಯಲ್ಲಿರೋದಕ್ಕಿಂತ ಎಷ್ಟೋ ಜಾಸ್ತಿ, ಮಳೆನೀರು ಅದನ್ನ ಹೀರ್ಕೊಂಡು ಕಲ್ಲಿನ ಸಂದೀಲಿ ಇಳಿದು ಸಾವಿರಾರು ವರ್ಷ ಕರಗಿಸ್ತಾ ಸಂದು ಗುಹೆಯಾಗುತ್ತೆ.

ಆಮೇಲೆ ಅದೇ ನೀರನ್ನ ಸ್ಟೀಲ್ ಪಾತ್ರೇಲಿ ಕುದಿಸಿದ್ರೆ ಗ್ಯಾಸ್ ಹೋಗಿ ಮತ್ತೆ ಬಿಳಿ ಕಟ್ಟಿತು. ಗುಹೇಲಿ ಕುದಿಸೋರು ಯಾರೂ ಇಲ್ಲ, ಚಾವಣಿಯಿಂದ ತೊಟ್ಟಿಕ್ಕೋ ಹನಿ ಗ್ಯಾಸ್ ಬಿಟ್ಕೊಟ್ಟು ಒಂದೊಂದು ಕಣ ಸುಣ್ಣ ಅಲ್ಲೇ ಉಳಿಸಿ ಹೋಗುತ್ತೆ, ಜೋತಾಡೋ ಕಲ್ಲು ಬೆಳೆಯೋದು ಹಂಗೆ.

ಮಾರನೇ ದಿನ ಆ ಹುಡುಗಿ ಓಡ್ಕೊಂಡು ಬಂದ್ಲು. ಅವರ ಅಡುಗೆಮನೆ ಕಟ್ಟೆ ಕಡಪ ಕಲ್ಲಿಂದು, ಅದೂ ಸುಣ್ಣದ ಕಲ್ಲೇ. ಅದರ ಮೇಲೆ ನಿಂಬೆಹಣ್ಣು ಹಿಂಡಿ ಒಂದು ಗಂಟೆ ಬಿಟ್ಟಿದ್ಲಂತೆ, ಅಷ್ಟು ಜಾಗ ಹೊಳಪು ಹೋಗಿ ಬೆಳ್ಳಗಾಗಿದೆ. ಉಳಿದರ್ಧ ಹೋಳು ತಗೊಂಡು ಹೋಗಿ ಮನೆ ಹಿಂದಿನ ಬಂಡೆ ಮೇಲೂ ಹಿಂಡಿದ್ಲಂತೆ. "ಅದಕ್ಕೇನೂ ಆಗ್ಲಿಲ್ಲ ಸರ್" ಅಂದ್ಲು.