ಅವನಿಗೆ 1912, ನನಗೆ 1512, ಕೊನೆಗೆ ಡ್ರಾ

ಚೆಸ್ ಟೂರ್ನಿಯಲ್ಲಿ ಎದುರಿಗೆ ಕೂತಿದ್ದವನು ಹನ್ನೆರಡು ವರ್ಷದ ಹುಡುಗ. ಕಾಲು ನೆಲಕ್ಕೆ ಸರಿಯಾಗಿ ತಾಗುತ್ತಿರಲಿಲ್ಲ. ರೇಟಿಂಗ್, ಅಂದರೆ ಆಟದ ಬಲ ಹೇಳುವ ಅಂಕಿ, ಮಾತ್ರ 1912. ನನ್ನದು 1512, ವಯಸ್ಸು ನಲವತ್ತೊಂದು. 400ರ ಅಂತರ ಇದ್ದರೆ ಫಿಡೆ (ಅಂತರರಾಷ್ಟ್ರೀಯ ಚೆಸ್ ಸಂಸ್ಥೆ) ಲೆಕ್ಕದಲ್ಲಿ ನೂರು ಆಟಕ್ಕೆ ನನಗೆ ಸಿಗಬೇಕಾದ್ದು ಬರೀ 8 ಪಾಯಿಂಟ್.

ಹೆದರಿದ್ದೆ, ಸುಳ್ಳು ಯಾಕೆ. 14ನೇ ನಡೆಗೇ ಡ್ರಾ ಕೇಳಿದೆ. ತಲೆ ಎತ್ತದೆ "ಬೇಡ ಅಂಕಲ್" ಅಂದ. ಆಮೇಲೆ ಸಿಕ್ಕಿದ್ದನ್ನೆಲ್ಲ ಎಕ್ಸ್‌ಚೇಂಜ್ (ಕಾಯಿಗೆ ಕಾಯಿ ಹೊಡೆದಾಟ) ಮಾಡುತ್ತಾ ಹೋದೆ, ಕಾಯಿ ಕಮ್ಮಿಯಾದರೆ ಆಟ ಸಪ್ಪೆಯಾಗುತ್ತೆ, ಸಪ್ಪೆಯಾದರೆ ತಾನಾಗಿಯೇ ಡ್ರಾ ಆಗುತ್ತೆ ಅಂದುಕೊಂಡು. ನನ್ನಂಥವರು ಜಾಸ್ತಿ ಮಾಡೋ ತಪ್ಪು ಇದೇ. ಗಟ್ಟಿ ಆಟಗಾರರಿಗೆ ಎಂಡ್‌ಗೇಮ್, ಅಂದರೆ ಕಾಯಿ ಕಮ್ಮಿಯಾದ ಕೊನೆಯ ಹಂತ, ಅಂದ್ರೆ ಹಬ್ಬ. 30ನೇ ನಡೆ ಹೊತ್ತಿಗೆ ನನ್ನ ಒಂದು ಪದಾತಿ ಹೋಗಿತ್ತು.

ಅಲ್ಲಿಂದ ಬುದ್ಧಿ ಬಂತು. ಸೋಲುತ್ತಿರುವವನು ಪದಾತಿಗಳನ್ನು ಕಡಿಮೆ ಮಾಡಿಕೊಳ್ಳಬೇಕು, ದೊಡ್ಡ ಕಾಯಿಗಳನ್ನಲ್ಲ. ಹಾಗೇ ಮಾಡಿದೆ. ಕೊನೆಗೆ ಇಬ್ಬರಿಗೂ ಒಂದೊಂದು ಆನೆ, ಜೊತೆಗೆ ಅವನಿಗೆ ನಡುವಿನಲ್ಲಿ ಒಂದು ಪದಾತಿ, ಐದನೇ ಸಾಲಿನಲ್ಲಿ (ಸಾಲು ಎಣಿಸೋದು ಬಿಳಿಯ ಕಡೆಯಿಂದ). ನನ್ನ ಕಪ್ಪು ರಾಜ ಅದರ ದಾರಿಗೆ ಅಡ್ಡಲಾಗಿ ಎಂಟನೇ ಸಾಲಿನಲ್ಲಿ.

ಇದನ್ನು ಉಳಿಸಿಕೊಳ್ಳೋದು ಹೇಗೆ ಅಂತ ಫ್ರಾನ್ಸಿನ ಚೆಸ್ ಆಟಗಾರ ಫಿಲಿಡೋರ್ 18ನೇ ಶತಮಾನದಲ್ಲೇ ತೋರಿಸಿದ್ದಾರೆ. ಆನೆಯನ್ನು ಆರನೇ ಸಾಲಿನಲ್ಲಿ ಇಟ್ಟು ಸುಮ್ನೆ ಅತ್ತಿತ್ತ ಆಡಿಸಬೇಕು. ಆಗ ಬಿಳಿ ರಾಜ ಆ ಸಾಲಿಗೆ ಹತ್ತಲಾರ. ಬೇಸತ್ತು ಪದಾತಿಯನ್ನು ಆರನೇ ಸಾಲಿಗೆ ತಳ್ಳಿದ ಕೂಡಲೇ, ಆನೆಯನ್ನು ನೇರ ಒಂದನೇ ಸಾಲಿಗೆ ಇಳಿಸಿ ಹಿಂದಿನಿಂದ ಚೆಕ್ ಮೇಲೆ ಚೆಕ್ ಕೊಡಬೇಕು. ಪದಾತಿ ನಿಂತ ಜಾಗವೇ ಬಿಳಿ ರಾಜನಿಗೆ ಅಡಗುದಾಣವಾಗಬೇಕಿತ್ತು, ಅದು ಹೋಯಿತಲ್ಲ! ಮೊದಲೇ ಇಳಿಸಿದರೆ ಮಾತ್ರ ಕೆಲಸ ಕೆಡಬಹುದು. ನನ್ನ ಕೈ ಎರಡು ಸಲ ಆನೆಯ ಹತ್ತಿರ ಹೋಗಿ ವಾಪಸ್ ಬಂತು. ಗಡಿಯಾರದಲ್ಲಿ ನಾಲ್ಕೇ ನಿಮಿಷ.

ಅವನು ತಳ್ಳಿದ. ನಾನು ಇಳಿಸಿದೆ. ಚೆಕ್, ಚೆಕ್, ಚೆಕ್. ಅದೇ ಪೊಸಿಷನ್ ಮೂರನೇ ಸಲ ಬಂದರೆ ಡ್ರಾ ಕ್ಲೇಮ್ ಮಾಡಬಹುದು. ಹಾಗೆ ಬರುವ ನಡೆಯನ್ನು ಆಡದೆ, ಶೀಟಿನಲ್ಲಿ ಬರೆದು ಆರ್ಬಿಟರ್ (ತೀರ್ಪುಗಾರ) ಅವರನ್ನು ಕರೆದೆ. ಆಡಿಬಿಟ್ಟರೆ ಕ್ಲೇಮ್ ಮಾಡುವ ಅವಕಾಶ ಎದುರಾಳಿಯ ಕಡೆ ಹೋಗುತ್ತೆ, ಇದು ಎಷ್ಟೋ ಜನರಿಗೆ ಗೊತ್ತಿಲ್ಲ.

ನನ್ನ ರೇಟಿಂಗ್‌ಗೆ 8.4 ಪಾಯಿಂಟ್ ಬಂತು. ಒಂದು ಆಟಕ್ಕೆ ರೇಟಿಂಗ್ ಎಷ್ಟು ಏರಿಳಿಯುತ್ತೆ ಅಂತ ನಿರ್ಧರಿಸುವ ಕೆ ಫ್ಯಾಕ್ಟರ್ ನನಗೆ 20, ಮಕ್ಕಳಿಗೆ 40 ಇರೋದರಿಂದ ಪಾಪ ಅವನಿಗೆ 16.8 ಹೋಯಿತು. ಆದರೂ ಅಳಲಿಲ್ಲ. ಹೊರಗೆ ಬಿಸ್ಕತ್ತು ತಿನ್ನುತ್ತಾ ಕೇಳಿದ, "ಅಂಕಲ್, 19ನೇ ನಡೆಯಲ್ಲಿ ನನ್ನ ಕುದುರೆ ಫ್ರೀ ಇತ್ತಲ್ವಾ, ಯಾಕೆ ಹೊಡೀಲಿಲ್ಲ?"