ತಪ್ಪು ಎಲ್ಲಾಯಿತು ಅಂತ ಅಲ್ಲೇ ತಿಳಿಯುವ ಹಾಗೆ

ಭಿನ್ನರಾಶಿ ಟೆಸ್ಟ್ ಪೇಪರ್ ತಿದ್ದಿ ವಾಪಸ್ ಕೊಡುವಷ್ಟರಲ್ಲಿ ಪಾಠ ಮುಂದೆ ಹೋಗಿರುತ್ತಿತ್ತು. ಮಕ್ಕಳು ಅಂಕ ನೋಡಿ ಸುಮ್ನೆ ಮಡಚಿಡುತ್ತಿದ್ದರು. ತರಗತಿಯಲ್ಲಿ ಲ್ಯಾಪ್‌ಟಾಪ್ ಇದ್ದವಲ್ಲ, ಟೆಸ್ಟನ್ನು ಗೂಗಲ್ ಫಾರ್ಮ್ಸ್‌ಗೆ (ಆನ್‌ಲೈನ್‌ನಲ್ಲಿ ಪ್ರಶ್ನೆ ಕೊಟ್ಟು ಉತ್ತರ ಪಡೆಯುವ ಸಾಧನ) ಹಾಕಿದೆ. ಸೆಟ್ಟಿಂಗ್ಸ್‌ನಲ್ಲಿ ಕ್ವಿಜ್ ಆನ್ ಮಾಡಿ, ಅಂಕ ತಕ್ಷಣ ಕಾಣಿಸುವ ಆಯ್ಕೆ ಒತ್ತಿದರೆ ಆಯಿತು.

ಆದರೆ ಬರೀ ಅಂಕ ಬೇಗ ಸಿಕ್ಕರೆ ಏನು ಬಂತು? ಯಾಕೆ ತಪ್ಪಾಯಿತು ಅಂತ ತಿಳಿಯಬೇಕಲ್ವಾ? ಜಾಸ್ತಿ ಹೊತ್ತು ಹಿಡಿದದ್ದು ಆಯ್ಕೆಗಳಲ್ಲಿ ಇಡುವ ತಪ್ಪು ಉತ್ತರಗಳನ್ನು ಆರಿಸುವ ಕೆಲಸವೇ. 1/2 + 1/3 ಎಷ್ಟು ಎಂಬ ಪ್ರಶ್ನೆಗೆ 2/5 ಎಂಬ ಆಯ್ಕೆಯನ್ನು ಬೇಕಂತಲೇ ಇಟ್ಟೆ. ಅದನ್ನು ಒತ್ತಿದವರು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿದ್ದಾರೆ ಅಂತ ಗೊತ್ತಾಗುತ್ತದೆ. ಒತ್ತಿದ ಉತ್ತರ ನೋಡಿ ಫಾರ್ಮ್‌ನ ಬೇರೆ ಸೆಕ್ಷನ್‌ಗೆ, ಅಂದರೆ ಬೇರೆ ಪುಟಕ್ಕೆ, ಕಳಿಸುವ ಸೌಲಭ್ಯ ಫಾರ್ಮ್ಸ್‌ನಲ್ಲೇ ಇದೆ. 2/5 ಒತ್ತಿದವರಿಗೆ ಒಂದು ಚಿತ್ರ ತೆರೆಯುತ್ತದೆ: ಅರ್ಧ ಬಣ್ಣ ತುಂಬಿದ ಪಟ್ಟಿ, ಕೆಳಗೆ 2/5 ತುಂಬಿದ ಪಟ್ಟಿ. ಅರ್ಧಕ್ಕೆ ಇನ್ನಷ್ಟು ಸೇರಿಸಿದರೆ ಅರ್ಧಕ್ಕಿಂತ ಕಡಿಮೆ ಆಗುತ್ತಾ? ಆಮೇಲೆ ಅದೇ ಲೆಕ್ಕ ಇನ್ನೊಮ್ಮೆ.

ಒಂದೇ ಲ್ಯಾಪ್‌ಟಾಪ್‌ನಲ್ಲಿ ಹಲವರು ಬರೆಯುವುದಾದರೆ, ಒಬ್ಬರಿಗೆ ಒಂದೇ ಉತ್ತರ ಎಂಬ ಮಿತಿಯನ್ನು ತೆಗೆದುಬಿಡಿ. ಹಾಜರಿ ಸಂಖ್ಯೆ ಕೇಳಿದರೆ ಸಾಕು. ಉದ್ದದ ಲೆಕ್ಕಗಳನ್ನು ಈಗಲೂ ನೋಟ್‌ಬುಕ್‌ನಲ್ಲೇ ಮಾಡಿಸುತ್ತೇನೆ. ಹಂತಹಂತವಾಗಿ ನೋಡೋಕೆ ಕಾಗದವೇ ವಾಸಿ.