ಡಯಾಲಿಸಿಸ್ ಖರ್ಚಿಗೆ ನೆರವು: ಯಾರನ್ನು, ಏನಂತ ಕೇಳಬೇಕು?

ಕಿಡ್ನಿ ಕೆಟ್ಟವರ ರಕ್ತವನ್ನು ಮಷಿನ್‌ನಲ್ಲಿ ಶುದ್ಧ ಮಾಡುವುದೇ ಡಯಾಲಿಸಿಸ್. ವಾರಕ್ಕೆ 3 ಸಲ, ಒಂದೊಂದು ಸಲಕ್ಕೆ 4 ಗಂಟೆ. ವರ್ಷಕ್ಕೆ 156 ಡಯಾಲಿಸಿಸ್. ಖಾಸಗಿಯಲ್ಲಿ ಒಂದಕ್ಕೆ 1,500 ರೂಪಾಯಿ ಅಂತಲೇ ಇಟ್ಟುಕೊಳ್ಳಿ, 2 ಲಕ್ಷದ 34 ಸಾವಿರ ಆಯಿತು. ಕೂಲಿ ಮಾಡುವ ಮನೆಗೆ ಇದು ಎಲ್ಲಿಂದ ಬರಬೇಕು? ಅದಕ್ಕೇ ಎಷ್ಟೋ ಜನ ಮೂರನ್ನು ಎರಡು ಮಾಡಿಕೊಳ್ಳುತ್ತಾರೆ, ಎರಡನ್ನು ಒಂದು. ಮೈಯಲ್ಲಿ ನೀರು ತುಂಬಿ ಉಸಿರು ಕಟ್ಟಿದಾಗ ರಾತ್ರೋರಾತ್ರಿ ಓಡುತ್ತಾರೆ.

ನಮ್ಮ ಮಾವನ ಜೊತೆ ಓಡಾಡಿದ ಮೇಲೆ ನನಗೆ ತಿಳಿದದ್ದು ಇಷ್ಟು: ಮಷಿನ್ ಖರ್ಚಿಗೆ ದಾರಿ ಇದೆ. ಮನೆ ಮುಳುಗಿಸುವುದು ಅದರ ಸುತ್ತಲಿನ ಖರ್ಚು.

ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಲ್ಲಿ ಬಿಪಿಎಲ್‌ನವರಿಗೆ ಡಯಾಲಿಸಿಸ್ ಉಚಿತ. ಕರ್ನಾಟಕದಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲದೆ ಬಹಳಷ್ಟು ತಾಲ್ಲೂಕು ಆಸ್ಪತ್ರೆಗಳಲ್ಲೂ ಮಷಿನ್ ಇವೆ. ಜಾಗ ಇಲ್ಲ ಅಂದರೆ ಸುಮ್ನೆ ವಾಪಸ್ ಬರಬೇಡಿ. ಹೆಸರು ಬರೆಸಿ, ಎಷ್ಟನೇ ನಂಬರು ಅಂತ ಕೇಳಿಕೊಳ್ಳಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ನಿಮಗೆ ಯಾವುದು ಸಿಗುತ್ತದೆ ಅಂತ ಆಸ್ಪತ್ರೆಯಲ್ಲಿ ಯೋಜನೆಯ ಮಾಹಿತಿ ಕೊಡಲೆಂದೇ ಇರುವ ಆರೋಗ್ಯಮಿತ್ರರನ್ನೇ ಕೇಳಿ.

ಜೊತೆಗೆ ಒಂದು ಪ್ಲಾಸ್ಟಿಕ್ ಕವರ್ ಸಿದ್ಧ ಇರಲಿ. ಆಧಾರ್, ರೇಷನ್ ಕಾರ್ಡ್, ನಾಡಕಚೇರಿಯ ಆದಾಯ ಪ್ರಮಾಣಪತ್ರ, ಡಾಕ್ಟರ ಚೀಟಿ, ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ತಿಳಿಸುವ ಕ್ರಿಯಾಟಿನಿನ್ ರಿಪೋರ್ಟ್, ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ರಿಪೋರ್ಟ್. ಎಲ್ಲದಕ್ಕೂ 5 ಜೆರಾಕ್ಸ್. ಕೊನೆಯ ಮೂರು ರಿಪೋರ್ಟ್ ಇಲ್ಲದೆ ಹೋಗಿ ನಾವು ಒಂದು ದಿನದ ಕೂಲಿ ಕಳೆದುಕೊಂಡೆವು.

ಈಗ ಟ್ರಸ್ಟ್‌ಗಳ ವಿಷಯ. ಬೆಂಗಳೂರು ಕಿಡ್ನಿ ಫೌಂಡೇಷನ್ 1979ರಿಂದ ಇದೆ. ಚೆನ್ನೈನಲ್ಲಿ ಟ್ಯಾಂಕರ್ ಫೌಂಡೇಷನ್ 1993ರಿಂದ. ಬಡವರಿಗೆ ಕಡಿಮೆ ದರದಲ್ಲೋ ಉಚಿತವಾಗಿಯೋ ಡಯಾಲಿಸಿಸ್ ಮಾಡಿಸುವುದೇ ಇಂಥವರ ಕೆಲಸ. ದೊಡ್ಡ ಆಸ್ಪತ್ರೆಗಳಲ್ಲಿ ಮೆಡಿಕಲ್ ಸೋಷಿಯಲ್ ವರ್ಕರ್ ಅಂತ ಇರುತ್ತಾರೆ. ಯಾವ ಟ್ರಸ್ಟ್ ಯಾವುದಕ್ಕೆ ದುಡ್ಡು ಕೊಡುತ್ತದೆ ಅಂತ ಅವರಿಗೆ ಬಾಯಿಪಾಠ. ಕಮಿಷನ್ ಕೇಳುವವರು ಸಿಕ್ಕರೆ ಅಲ್ಲಿಂದಲೇ ಎದ್ದು ಬನ್ನಿ.

ಅರ್ಜಿಯಲ್ಲಿ 'ಸಹಾಯ ಮಾಡಿ' ಅಂತ ಮಾತ್ರ ಬರೆದರೆ ಸಾಲದು. ಏನಕ್ಕೆ, ಎಷ್ಟು, ಎಷ್ಟು ತಿಂಗಳು ಅಂತ ಬರೆಯಿರಿ. ಆಸ್ಪತ್ರೆಯಿಂದ ಎಸ್ಟಿಮೇಟ್ ಬರೆಸಿ ಲಗತ್ತಿಸಿ. ಚೆಕ್ ಆಸ್ಪತ್ರೆಯ ಹೆಸರಿಗೇ ಕೊಡಿ ಅಂತ ನೀವೇ ಹೇಳಿದರೆ ನಂಬಿಕೆ ಜಾಸ್ತಿ.

ನನ್ನನ್ನು ಕೇಳಿದರೆ, ಮೊದಲ ಬೇಡಿಕೆ ಫಿಸ್ಟುಲಾ ಆಗಿರಲಿ. ಡಯಾಲಿಸಿಸ್ ಸೂಜಿ ಚುಚ್ಚಲು ತೋಳಿನಲ್ಲಿ ಎರಡು ರಕ್ತನಾಳ ಜೋಡಿಸುವ ಸಣ್ಣ ಆಪರೇಷನ್ ಅದು. ಸೂಜಿ ಚುಚ್ಚುವಷ್ಟು ಗಟ್ಟಿಯಾಗಲು ಸಾಮಾನ್ಯವಾಗಿ ಒಂದೂವರೆ ತಿಂಗಳಾದರೂ ಬೇಕು. ಅಲ್ಲಿಯವರೆಗೆ ಕುತ್ತಿಗೆಗೆ ಹಾಕಿದ ನಳಿಕೆಯೇ ಗತಿ. ಆ ನಳಿಕೆಗೆ ಸೋಂಕು ತಗುಲುವುದು ಸುಲಭ, ತಗುಲಿದರೆ ಅಡ್ಮಿಟ್, ಮತ್ತೆ ಸಾಲ. ಫಿಸ್ಟುಲಾ ಆದ ಕೈಯಲ್ಲಿ ಬಿಪಿ ನೋಡಿಸಬೇಡಿ, ರಕ್ತ ತೆಗೆಸಬೇಡಿ. ಬೆಳಿಗ್ಗೆ ಎದ್ದಕೂಡಲೇ ಅದರ ಮೇಲೆ ಬೆರಳಿಟ್ಟು ನೋಡಿ, ಬೆಕ್ಕು ಗುರುಗುಟ್ಟಿದ ಹಾಗೆ ಝುಂ ಅನ್ನಬೇಕು. ಮಾವ ಹಲ್ಲುಜ್ಜುವ ಮೊದಲು ಇದನ್ನೇ ಮಾಡುತ್ತಿದ್ದರು. ಝುಂ ನಿಂತಿದ್ದರೆ ಅದೇ ದಿನ ಆಸ್ಪತ್ರೆಗೆ.

ಆಮೇಲೆ ರಕ್ತ ಹೆಚ್ಚಿಸುವ ಎರಿತ್ರೊಪೊಯೆಟಿನ್ ಇಂಜೆಕ್ಷನ್. ಅದು ಆಸ್ಪತ್ರೆಯಲ್ಲೇ ಸಿಗುತ್ತದೋ, ಹೊರಗೆ ಕೊಳ್ಳಬೇಕೋ ವಿಚಾರಿಸಿ. ಕೊಳ್ಳುವುದಾದರೆ ಅದೂ ಅರ್ಜಿಯಲ್ಲಿ ಇರಲಿ. ಡಯಾಲಿಸಿಸ್‌ಗೆ ರೈಲಿನಲ್ಲಿ ಹೋಗುವವರಿಗೆ, ಜೊತೆಗಿರುವ ಒಬ್ಬರಿಗೂ ಸ್ಲೀಪರ್‌ನಲ್ಲಿ ಶೇ 75 ರಿಯಾಯಿತಿ ಇದೆ. ಆಸ್ಪತ್ರೆಯಿಂದ ರೈಲ್ವೆ ನಮೂನೆಯ ಸರ್ಟಿಫಿಕೇಟ್ ಬರೆಸಿಕೊಂಡರೆ ಆಯಿತು.

ಇನ್ನು ನೆರವು ಕೊಡುವವರಿಗೆ ಒಂದು ಮಾತು. ರೋಗಿಯನ್ನು ನೋಡಲು ಹೋಗುವಾಗ ಎಳನೀರು ಒಯ್ಯುತ್ತೀರಿ, ಅಲ್ವಾ? ಕಿಡ್ನಿ ಕೆಟ್ಟವರಿಗೆ ಅದರ ಪೊಟ್ಯಾಸಿಯಂ ಹೃದಯಕ್ಕೇ ಅಪಾಯ. ಆ ದುಡ್ಡಿಗೆ ಇನ್ನಷ್ಟು ಸೇರಿಸಿ ತಿಂಗಳ ಬಸ್ ಚಾರ್ಜ್ ಕೊಟ್ಟುಬಿಡಿ. ಮಾವನ ಬೀದಿಯ ಅಂಗಡಿಯವರು ಹಾಗೆ ಮಾಡಿದ್ದಕ್ಕೇ ಅವರಿಗೆ ಆ ವರ್ಷ ಒಂದು ಡಯಾಲಿಸಿಸ್ಸೂ ತಪ್ಪಲಿಲ್ಲ.